ನಮ್ಮದಲ್ಲ ಎಂದ ಅಡವಿ

ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದೆ. ಶಿವರಾತ್ರಿ ಮುಗಿದು ಒಂದು ವಾರವಾಗಿತ್ತು. ಎರಡು ಕೈಗೂ ಹುಣಸೆ ಅಂಟಿಕೊಂಡಿತ್ತು. ಫೋನು ಬಡಿದುಕೊಂಡಾಗ ಅತ್ತೆಯೇ ಎದ್ದು ಹೋಗಿ ತಂದು ನನ್ನ ಕಿವಿಗೆ ಹಿಡಿದರು.

"ನಿಮ್ಮಣ್ಣಂದು. ಲಗೂನ ಮಾತಾಡು, ನನ್ನ ರಟ್ಟೆ ನೋಯ್ತತಿ" ಅಂದರು.

ಅಣ್ಣ ಸುಮ್ಮಸುಮ್ಮನೆ ಫೋನು ಮಾಡುವವನಲ್ಲ. ಅವನ ಹತ್ತಿರ ಫೋನೂ ಇಲ್ಲ, ಅತ್ತಿಗೆಯದನ್ನು ಇಸಿದುಕೊಂಡು ಮಾಡಬೇಕು. ಹಾಗಾಗಿ ಅವನ ದನಿ ಕೇಳಿದ ಕೂಡಲೇ ಯಾರಿಗೆ ಏನಾಯಿತೋ ಅಂದುಕೊಂಡೆ. ಮನೆಯಲ್ಲಿ ಎಲ್ಲರೂ ಆರಾಮ ಅಂತ ಮೊದಲೇ ಹೇಳಿದ, ಅದೊಂದು ಪುಣ್ಯ.

"ತಂಗೀ, ಮೀಸಲು ಅಡವ್ಯಾಗ ಸುಣ್ಣದ ಗೆರಿ ಎಳದಾರ" ಅಂದ. "ಕಲ್ಲು ನೆಟ್ಟಾರ. ಕಲ್ಲಿಗೆ ಕೆಂಪು ಬಣ್ಣ ಬಳದಾರ."

"ಯಾರಣ್ಣಾ?"

"ಫ್ಯಾನಿನೋರು. ಗುಡ್ಡದ ಮ್ಯಾಲೆ ಕರೆಂಟು ತೆಗಿಯೋ ಗಾಳಿ ಫ್ಯಾನು ನಿಲ್ಲಸ್ತಾರಂತ. ಅದರ ರೆಕ್ಕಿ ಮ್ಯಾಲೆ ಒಯ್ಯಾಕ ಅಗಲ ದಾರಿ ಬೇಕಂತ. ದಾರಿ ಅಡವಿ ನಡುವ ಹಾಸಿ ಹೊಕ್ಕೈತಿ."

"ಯಾರನ್ನ ಕೇಳಿ ಹಾಕಿದ್ರು? ಕೇಳಬೇಕಲ್ಲ?"

ಅತ್ತೆ ಕೈ ಬದಲಿಸಿ ಫೋನು ಹಿಡಿದರು.

"ಕೇಳ್ಯಾರಂತ. ಯಾರೂ ಬಳಸದ ಬೀಳು ಜಾಗ ಅಂತ ಕಾಗದದಾಗ ಐತಿ. ಹಟ್ಟಿಯೋರ ಹಂಗಂತ ಹೇಳ್ಯಾರ ಅಂತ ಪಂಚಾಯ್ತ್ಯಾಗ ಓದಿ ಹೇಳಿದ್ರು. ಕೆಳಗ ನಿನ್ನ ಸಹಿ ಐತಿ, ತಂಗಿ."

ಸಿಟ್ಟಿನಿಂದ ಅಂದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಹಂಗಿಸದೆ, ಇದ್ದುದನ್ನು ಇದ್ದ ಹಾಗೆ ಹೇಳಿದ.

ನನ್ನ ತವರು ಕೂಡ್ಲಿಗಿ ತಾಲ್ಲೂಕಿನ ಒಂದು ಹಟ್ಟಿ. ಹಿಂದೆ ಬಂಡೆಗುಡ್ಡಗಳು, ಮುಂದೆ ಕುರುಚಲು ಕಾವಲು. ನಮ್ಮ ಕುಲದವರು ದನದ ಹಿಂದೆ ಬಂದು ಅಲ್ಲಿ ನೆಲೆನಿಂತವರು. ನಮ್ಮ ಹಟ್ಟಿಯಲ್ಲಿ ಮನೆಗೊಂದಿಷ್ಟು ದನ ಇರುವುದು ಬೇರೆ, ದೇವರ ದನ ಇರುವುದು ಬೇರೆ. ದೇವರ ದನವನ್ನು ಯಾರೂ ನೇಗಿಲಿಗೆ ಹೂಡುವುದಿಲ್ಲ, ಮಾರುವುದಿಲ್ಲ. ಹಾಲು ಕರೆದರೆ ಅದು ದೇವರ ಗುಡಿಗೆ ಮಾತ್ರ. ಸತ್ತರೆ ಮನುಷ್ಯರನ್ನು ಮಣ್ಣು ಮಾಡುವ ಹಾಗೆ ಮಣ್ಣು ಮಾಡುತ್ತೇವೆ. ಆ ದನ ಕಾಯುವವನಿಗೆ ಕಿಲಾರಿ ಅನ್ನುತ್ತೇವೆ. ನಮ್ಮಪ್ಪ ಕಿಲಾರಿಯಾಗಿದ್ದ. ಅಪ್ಪನ ಕೋಲು ಅಣ್ಣನ ಕೈಗೆ ಬಂತು. ಕಿಲಾರಿ ಚಪ್ಪಲಿ ಮೆಟ್ಟುವುದಿಲ್ಲ, ಪರ ಊರಲ್ಲಿ ಉಣ್ಣುವುದಿಲ್ಲ, ದೇವರದು ಯಾವುದನ್ನೂ ನಂದು ಅನ್ನುವುದಿಲ್ಲ. ಅಂದರೆ ಅಲ್ಲಿಗೆ ಅವನ ಕಿಲಾರಿತನ ಮುಗಿಯಿತು.

ಎರಡು ಗುಡ್ಡದ ಸಂದಿನಲ್ಲಿ ಒಂದು ತಗ್ಗು ಇದೆ. ಬೇಸಿಗೆಯಲ್ಲೂ ಒಂದು ಬಂಡೆಯ ಬುಡದಿಂದ ನೀರು ಜಿನುಗುತ್ತದೆ. ಸುತ್ತ ಕಮರ, ಹೊಂಗೆ, ಆಲ, ಕಾರೆ, ಸೀತಾಫಲ ಒಂದರ ಮೇಲೊಂದು ಹೆಣೆದುಕೊಂಡು ಬೆಳೆದಿವೆ. ಅದೇ ಮೀಸಲು ಅಡವಿ. ಯುಗಾದಿ ಕಳೆದ ಮೇಲೆ ಎರಡು ತಿಂಗಳ ಬಿಸಿಲಿಗೆ ದೇವರ ದನ ಒಳಗೆ ಹೋಗುತ್ತವೆ. ಜೊತೆಗೆ ಹೋಗುವವನು ಕಿಲಾರಿ ಒಬ್ಬನೇ. ಉಳಿದವರು ಗಡಿಕಲ್ಲಿನ ತನಕ. ಅಲ್ಲಿ ಕೊಡಲಿ ಹಾಕುವಂತಿಲ್ಲ, ಹಣ್ಣು ಕೀಳುವಂತಿಲ್ಲ, ಬಿದ್ದ ಕಡ್ಡಿ ಎತ್ತುವಂತಿಲ್ಲ. ಹಣ್ಣು ಹಕ್ಕಿಗೆ, ಕರಡಿಗೆ. ಪಕ್ಕದ ಗುಡ್ಡದಿಂದಾಚೆ ಸರಕಾರದವರು ಕರಡಿಗಳಿಗೆಂದು ಕಾಯ್ದಿಟ್ಟ ಅರಣ್ಯ. ಅಲ್ಲಿ ದನ ಬಿಡುವುದು ಬಂದ್ ಆಗಿ ಬಹಳ ವರ್ಷವಾಯಿತು. ಹಾಗಾಗಿ ಮೀಸಲು ಅಡವಿ ಹೋದರೆ ದೇವರ ದನಕ್ಕೆ ಬೇಸಿಗೆಯಲ್ಲಿ ನಿಲ್ಲಲು ಬೇರೆ ಜಾಗವಿಲ್ಲ. ಯಾವುದಾದರೂ ಗೋಶಾಲೆಗೆ ಹೊಡೆದುಕೊಂಡು ಹೋಗಿ ಬಿಟ್ಟು ಬರಬೇಕು. ಅಣ್ಣನ ಎದೆಯಲ್ಲಿ ಕುಳಿತದ್ದು ಅದೇ.

ಇನ್ನು ನನ್ನ ಸಹಿ. ಹೋದ ದೀಪಾವಳಿಗೆ ತವರಿಗೆ ಹೋಗಿದ್ದೆ. ಒಂದು ಬೆಳಗ್ಗೆ ಜೀಪಿನಲ್ಲಿ ಇಬ್ಬರು ಬಂದರು. ಒಬ್ಬಳು ಹುಡುಗಿ, ಮೆತ್ತಗೆ ಮಾತಾಡುವವಳು. ಮಜ್ಜಿಗೆ ಕೊಟ್ಟರೆ ಕೈಯೊಡ್ಡಿ ಇಸಿದುಕೊಂಡಳು. ಸರ್ವೆ ಅಂದಳು. ಹಟ್ಟಿಯ ಯಜಮಾನರು ನನ್ನ ಕಡೆ ನೋಡಿದರು. ಹತ್ತನೇ ತನಕ ಓದಿದವಳು ನಾನೇ ತಾನೇ. "ನೀನ ಹೇಳವ್ವ, ನಿನಗ ಅವರ ಮಾತು ತಿಳಿತೈತಿ" ಅಂದರು.

"ಆ ತಗ್ಗಿನಲ್ಲಿ ಯಾರಾದ್ರೂ ಉಳುಮೆ ಮಾಡ್ತಾರಾ?" ಅಂತ ಹುಡುಗಿ ಕೇಳಿದಳು.

"ಅಯ್ಯಯ್ಯೋ, ಇಲ್ರಿ."

"ಕಟ್ಟಿಗೆ ತರ್ತೀರಾ? ಹಣ್ಣು, ಬೀಜ, ಸೊಪ್ಪು?"

"ಯಾವುದೂ ಇಲ್ರಿ. ಅದನ್ನ ನಾವ್ಯಾರೂ ಮುಟ್ಟಂಗಿಲ್ಲ. ಅದು ನಮ್ದಲ್ಲ, ದೇವರದು."

ಹೇಳುವಾಗ ನನಗೆ ಎಷ್ಟು ಹೆಮ್ಮೆ! ನಮ್ಮ ಜನ ಎಷ್ಟು ನೇಮದವರು ಅಂತ ಈ ಓದಿದ ಹುಡುಗಿಗೆ ತಿಳಿಯಲಿ ಅನ್ನುವ ಸಂಭ್ರಮ. ದನ ನಿಲ್ಲುತ್ತವೆ ಅನ್ನುವುದನ್ನೂ ಹೇಳಲಿಲ್ಲ. ಅದು ದೇವರು ತನ್ನ ಜಾಗ ತಾನು ಬಳಸಿದ್ದು, ನಾವು ಬಳಸಿದ್ದಲ್ಲ ಅಂತ ನನ್ನ ತಲೆಯಲ್ಲಿ. ಯಜಮಾನರೂ ತಲೆದೂಗಿದರು. ಅವಳು ಬರೆದಳು, ಕೊನೆಗೆ ಸಹಿ ಹಾಕಿ ಅಂದಳು. ಬಿಡಿಸಿ ಬಿಡಿಸಿ, ದುಂಡಗೆ ಹಾಕಿದೆ.

ಮಧ್ಯಾಹ್ನ ಗಿರಣಿಯಿಂದ ಉಣ್ಣಲು ಬಂದ ನಮ್ಮನೆಯವರಿಗೆ ಎಲ್ಲ ಹೇಳಿದೆ. ಅವರದು ಹಿಟ್ಟಿನ ಗಿರಣಿ. ಉಟ್ಟ ಪಂಚೆಯಿಂದ ರೆಪ್ಪೆಯ ಕೂದಲ ತನಕ ಬಿಳಿ. ಕೇಳಿ ಸುಮ್ಮನೆ ಎರಡು ತುತ್ತು ಉಂಡರು.

"ಗಾಳಿ ಫ್ಯಾನು ಕೆಟ್ಟದ್ದು ಅನ್ನಬ್ಯಾಡ. ಹರಪನಹಳ್ಳಿ ಗುಡ್ಡದ ಮ್ಯಾಲೆ ಎಷ್ಟು ನಿಂತಾವೆ ನೋಡಿದಿಯಲ್ಲ. ನಮ್ಮ ಗಿರಣಿ ಓಡೋದೂ ಕರೆಂಟಿನಿಂದ್ಲೇ" ಅಂದರು.

"ಫ್ಯಾನು ಬ್ಯಾಡ ಅಂತ ನಾನಂದೆನ್ರಿ? ನನ್ನ ಬಾಯಿಂದ ಹೋಗಿದ್ದು ನನ್ನ ಬಾಯಿಂದ್ಲೇ ವಾಪಸು ಬರಬೇಕು."

"ಹೋಗಿ ಬಾ ಹಂಗಾರೆ. ಜಗಳ ಮಾಡಬ್ಯಾಡ. ಎರಡು ದಿನ ಅವ್ವನೂ ನಾನೂ ಹೆಂಗೋ ಬೇಯಿಸ್ಕೆಂತೀವಿ."

ಒಳಗಿನಿಂದ ಅತ್ತೆ, "ಇವನು ಬೇಯಿಸ್ತಾನಂತೆ! ಒಲೆ ಯಾವ ದಿಕ್ಕಿಗೈತಿ ಕೇಳು ಮೊದ್ಲು" ಅಂದರು. ಆ ದಿನ ನಕ್ಕದ್ದು ಅದೊಂದೇ ಸಲ. ಇಂಥ ಅತ್ತೆ, ಇಂಥ ಗಂಡ ಕೊಟ್ಟದ್ದಕ್ಕೆ ನಮ್ಮ ಹಟ್ಟಿಯ ಸ್ವಾಮಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಸೋಮವಾರ ಗ್ರಾಮಸಭೆ ಅಂತ ಅಣ್ಣ ಹೇಳಿದ್ದ. ತಕರಾರು ಇದ್ದರೆ ಅಲ್ಲೇ ಹೇಳಬೇಕು, ಆಮೇಲೆ ಇಲ್ಲ. ಭಾನುವಾರ ಹೊರಟೆ. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಸ್ಟ್ಯಾಂಡಿನಿಂದಲೇ ಮಠದ ಕಡೆ ತಿರುಗಿ ಹಣೆ ಮುಟ್ಟಿಕೊಂಡೆ. ಕೂಡ್ಲಿಗಿ ಬಸ್ಸಿನಲ್ಲಿ ಕಿಟಕಿ ಸೀಟೇ ಸಿಕ್ಕಿತು. ಅಷ್ಟು ಸಾಕು ಅನ್ನಿಸಿತು.

ಟಾರು ರಸ್ತೆಯಲ್ಲಿ ಇಳಿದು ಹಟ್ಟಿಗೆ ಮುಕ್ಕಾಲು ತಾಸು ನಡೆಯಬೇಕು. ಬಂಡಿ ದಾರಿ, ಅದೂ ಎರಡು ಕಡೆ ಕೊಚ್ಚಿಹೋಗಿದೆ. ಮನೆ ಮುಟ್ಟಿದಾಗ ಅತ್ತಿಗೆ ಕಟ್ಟೆಯ ಮೇಲೆ ಈಚಲ ಗರಿ ಸೀಳಿ ಕಸಬರಿಗೆ ಕಟ್ಟುತ್ತಿದ್ದಳು. ನೀರು ಕೊಟ್ಟಳು, ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಅತ್ತಿಗಿ, ನನ್ನ ಮ್ಯಾಲೆ ಸಿಟ್ಟೇನು?"

"ಸಹಿ ಹಾಕಿದ್ದಕ್ಕ ಸಿಟ್ಟಿಲ್ಲವ್ವ. ಈಗ ಬ್ಯಾಡ ಅನ್ನಾಕ ಬಂದೀಯಲ್ಲ, ಅದಕ್ಕ."

"ಅಂದ್ರ?"

ಅವಳು ಗರಿ ಕೆಳಗಿಟ್ಟಳು. "ಆ ದಾರಿ ಆದ್ರ ನಮ್ಮ ಹಟ್ಟಿ ಬಾಗಿಲಿಗೆ ಜೀಪು ಬರತೈತಿ. ನಿನಗೇನು, ಬಸ್ಸು ನಿಲ್ಲೋ ಊರಾಗ ಅದೀ. ನನ್ನ ಮೊದಲ ಕೂಸು ಎಲ್ಲಿ ಹೋತು ಹೇಳು? ಕಂಬಳ್ಯಾಗ ನನ್ನ ಹೊತ್ಕೊಂಡು ನಾಕು ಮಂದಿ ಈ ಬಂಡಿ ದಾರ್ಯಾಗ ಓಡಿದ್ರು. ಟಾರು ರಸ್ತೆ ಕಾಣೋ ಹೊತ್ತಿಗೆ ಎಲ್ಲ ಮುಗಿದಿತ್ತು. ಇವತ್ತಿಗೂ ಹಟ್ಟ್ಯಾಗ ಯಾವ ಹೆಣ್ಣುಮಗಳಿಗೆ ದಿನ ತುಂಬಿದ್ರೂ ನನಗ ನಿದ್ದಿ ಬರಂಗಿಲ್ಲ. ದೇವರ ದನಕ್ಕ ನೆಳ್ಳು ಬೇಕು, ಒಪ್ಪೀನಿ. ಮನಷ್ಯಾರಿಗೆ ದಾರಿ ಬ್ಯಾಡೇನು?"

ಅವಳ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಆ ಕೂಸಿನ ಸುದ್ದಿ ಬಂದಾಗ ನಾನು ಬಸಿರಿ ಅಂತ ನನ್ನನ್ನು ತವರಿಗೆ ಕಳಿಸಿರಲಿಲ್ಲ. ನನ್ನ ಹೆರಿಗೆ ಹರಪನಹಳ್ಳಿ ಆಸ್ಪತ್ರೆಯಲ್ಲಿ ಸಲೀಸಾಗಿ ಆಯಿತು. ಅದನ್ನೂ ದೇವರ ದಯೆ ಅಂತಲೇ ದಿನಾ ಲೆಕ್ಕ ಹಿಡಿಯುತ್ತಿದ್ದೆ. ಅತ್ತಿಗೆಯ ಮುಂದೆ ಆ ದಯೆಯ ಮಾತು ಬಾಯಿಗೆ ಬರಲಿಲ್ಲ. ಒಂದು ಹಿಡಿ ಗರಿ ಎತ್ತಿಕೊಂಡು ಅವಳ ಜೊತೆ ಸೀಳಲು ಕುಳಿತೆ.

ಸಂಜೆ ಅಣ್ಣ ನನ್ನನ್ನು ಗಡಿಕಲ್ಲಿಗೆ ಕರೆದುಕೊಂಡು ಹೋದ. ಚಪ್ಪಲಿ ಕೆಳಗೇ ಬಿಟ್ಟು ಹತ್ತಿದೆ. ಅಲ್ಲಿಂದ ತಗ್ಗು ಪೂರ್ತಿ ಕಾಣುತ್ತದೆ. ಹಸಿರಿನ ನಡುವೆ ಸುಣ್ಣದ ಎರಡು ಗೆರೆ ನೆಟ್ಟಗೆ ಹೋಗಿ, ನೀರಿನ ಬಂಡೆಯನ್ನು ಬಳಸಿ ಆ ಕಡೆ ಗುಡ್ಡ ಏರಿದ್ದವು. ಗಡಿಕಲ್ಲಿನ ಪಕ್ಕದಲ್ಲೇ ಕರಡಿಯ ಲದ್ದಿ ಬಿದ್ದಿತ್ತು, ತುಂಬ ಬಾರೆಹಣ್ಣಿನ ಬೀಜ. ಅಲ್ಲಿ ಅರಣ್ಯದ ಗಾರ್ಡ್ ಒಬ್ಬರು ಕುಳಿತಿದ್ದರು. ಪಕ್ಕದ ಊರಿನವರೇ, ಅಣ್ಣನಿಗೆ ಹಳೆಯ ಪರಿಚಯ.

"ನೋಡ್ರಿ ಅಕ್ಕಾರ, ಬ್ಯಾಸಿಗ್ಯಾಗ ಕರಡಿ ನೀರಿಗೆ ಇಲ್ಲಿಗೇ ಬರ್ತಾವು. ನಮ್ಮ ಅರಣ್ಯದ ಗಡಿ ಆ ಗುಡ್ಡಕ್ಕೇ ಮುಗೀತೈತಿ. ಕರಡಿಗೆ ಅದು ಗೊತ್ತಿಲ್ಲ. ಇಲ್ಲಿ ಲಾರಿ ಓಡಿದ್ರ ಅವು ನೀರು ಹುಡಿಕ್ಕೊಂಡು ಹೊಲಕ್ಕ, ಹಟ್ಟಿಗೆ ಇಳಿತಾವು" ಅಂದರು.

"ಹಂಗಾದ್ರ ನೀವೂ ನಾಳೆ ಬಂದು ಇದನ್ನ ಹೇಳ್ರಿ ಸಾರ್."

ಗಾರ್ಡ್ ತಲೆ ಕೆರೆದುಕೊಂಡರು. "ಹೇಳ್ತೀನಿ. ಆದ್ರ ನಾನು ಹೇಳಿದ್ರ ಏನಾಗತೈತಿ? ಕರಡಿ ಜಾಗ ಐತಿ, ಅರಣ್ಯಕ್ಕ ಸೇರಿಸ್ರಿ ಅಂತಾರ ನಮ್ಮ ಮ್ಯಾಲಿನೋರು. ಸೇರಿದ್ರ ದನ ಬಂದ್. ನಿಮ್ಮಣ್ಣನ್ನ ಒಳಗ ಬಿಡಬ್ಯಾಡ ಅಂತ ನನಗೇ ಆರ್ಡರ್ ಬರತೈತಿ. ಹಟ್ಟಿಯೋರು ಇದನ್ನ ಬಳಸ್ತಾರ ಅಂತ ಸಭ್ಯಾಗ ಬರೀಬೇಕು. ಹಂಗ ಬರದ್ರ ಫ್ಯಾನಿನೋರಿಗೂ ಇಲ್ಲ, ನಮಗೂ ಇಲ್ಲ. ಜನರು ಬಳಸೋ ಜಾಗ ಅಂತ ಉಳಿತೈತಿ."

ಅಣ್ಣ ಕೋಲಿನ ಮೇಲೆ ಗದ್ದ ಊರಿ ನಿಂತಿದ್ದ. "ಬಳಸ್ತೀವಿ ಅಂತ ಯಾರು ಹೇಳಬೇಕು? ನಾನು ಅಂದ್ರ ಕೋಲು ಇಡಬೇಕು. ಯಜಮಾನರು ಅನ್ನಂಗಿಲ್ಲ. ಬಳಸಿದ್ದಿಲ್ಲ ಅಂದಮ್ಯಾಲೆ ದೇವರ ಹೆಸರಿನ್ಯಾಗ ಸುಳ್ಳು ಹೆಂಗ ಹೇಳೋದು?"

"ನಾನು ಹೇಳ್ತೀನಣ್ಣ. ತಪ್ಪು ಬಂದ್ರ ನನಗ ಬರಲಿ. ನಾನು ಕೊಟ್ಟ ಹೆಣ್ಣು, ನನ್ನ ಮನಿ ಬ್ಯಾರೆ. ನಿನ್ನ ಕೋಲಿಗೆ ತಾಕಂಗಿಲ್ಲ" ಅಂದೆ.

ಅಣ್ಣ ಬೇಡ ಅನ್ನದೆ ಕೋಲೆತ್ತಿಕೊಂಡು ಇಳಿಯತೊಡಗಿದ.

ಸೋಮವಾರ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ತಾಲ್ಲೂಕಿನಿಂದ ಬಂದ ಸಾಹೇಬರು ನಡುವೆ, ಒಂದು ಕಡೆ ಫ್ಯಾನಿನ ಕಂಪನಿಯ ಯುವಕ, ಇನ್ನೊಂದು ಕಡೆ ಗಾರ್ಡ್. ಯುವಕ ಒಳ್ಳೆಯ ಮಾತಿನವನು. ದಾರಿ ಆದರೆ ಹಟ್ಟಿಗೆ ಅನುಕೂಲ, ನಾಲ್ಕು ಜನಕ್ಕೆ ಕಾವಲುಗಾರನ ಕೆಲಸ, ಕಡಿದ ಮರಕ್ಕೆ ಬದಲಾಗಿ ಬೇರೆ ಕಡೆ ಸಸಿ ನೆಡುತ್ತೇವೆ ಅಂದ. ಅವನು ಹೇಳಿದ್ದರಲ್ಲಿ ಅರ್ಧಕ್ಕೆ ಜನ ತಲೆಯಾಡಿಸಿದರು. ಅತ್ತಿಗೆ ಹೆಂಗಸರ ಸಾಲಿನಲ್ಲಿ ಕುಳಿತು ನೆಲ ನೋಡುತ್ತಿದ್ದಳು.

ತಕರಾರು ಯಾರದಾದರೂ ಉಂಟೇ ಅಂದಾಗ ನಾನು ಎದ್ದೆ. ಸೆರಗು ಬಿಗಿ ಮಾಡಿಕೊಂಡೆ, ಸ್ವಾಮಿಯನ್ನು ನೆನೆದೆ.

"ಆ ಕಾಗದದಾಗ ಸಹಿ ಹಾಕಿದಾಕಿ ನಾನ ರೀ. ಬಳಸಲ್ಲ ಅಂದಿದ್ದೆ. ನಾನು ತಪ್ಪು ತಿಳಕೊಂಡು ಹೇಳಿದ್ದೆ."

ಸಾಹೇಬರು ಕನ್ನಡಕ ಮೇಲೆ ಸರಿಸಿದರು. "ಕೂತ್ಕೊಳಿ ತಾಯಿ. ತಾವು ಈ ಊರಿನ ಮತದಾರರಾ?"

"ತವರುಮನಿ ರೀ ಇದು."

"ಓಟು ಎಲ್ಲಿದೆ?"

"ಅರಸೀಕೆರ್ಯಾಗ, ಹರಪನಹಳ್ಳಿ ತಾಲ್ಲೂಕು."

"ಹಾಗಾದ್ರೆ ನಿಮ್ಮ ಹೇಳಿಕೆ ಬರ್ಕೊಳಕ್ಕಾಗಲ್ಲಮ್ಮ. ಸಭೆಯ ಸದಸ್ಯರು ಮಾತ್ರ ಹೇಳ್ಬೇಕು."

"ಅವತ್ತು ಸಹಿ ಹಾಕಿಸಿಕೊಂಡ್ರಲ್ರೀ?"

ಜನ ನಕ್ಕರು. ಸಾಹೇಬರಿಗೂ ನಗು ಬಂತು, ಪಾಪ. ಆದರೆ ಬರೆಯಲಿಲ್ಲ. "ಅದು ಸರ್ವೆ ತಾಯಿ, ಇದು ಸಭೆ. ಊರಿನವರು ಯಾರಾದ್ರೂ ಹೇಳಿ. ಆ ಜಾಗದಿಂದ ನಿಮಗೆ ಏನು ಉಪಯೋಗ?"

ಯಜಮಾನರು ಮೀಸೆ ನೀವಿಕೊಂಡು ಕುಳಿತರು. ಅಣ್ಣ ಶಾಮಿಯಾನದ ಹೊರಗೆ ಬಿಸಿಲಿನಲ್ಲಿ ನಿಂತಿದ್ದ. ಸಾಹೇಬರು ಇನ್ನೊಂದು ಸಲ ಕೇಳಿ, ಪೆನ್ನು ಮುಚ್ಚಲು ಹೋದರು. ನಾನು ಕುಳಿತುಕೊಂಡೆ, ಪಕ್ಕದಲ್ಲಿದ್ದ ಅತ್ತಿಗೆ ಎದ್ದಳು.

"ನಾವು ಬಳಸ್ತೀವ್ರಿ" ಅಂದಳು.

ಹಿಂದಿನಿಂದ ಯಾರೋ ಮುದುಕ, "ಏನ್ ಹೇಳ್ತೀಯಬೇ? ಕೂಡು!" ಅಂತ ಗದರಿದ.

"ನಾನ್ಯಾಕ ಕೂಡ್ಲಿ? ನೀರು ಕುಡದೋನು ನೀನೂ ಅದೀಯಲ್ಲ. ಬೋರಿನ ಮೋಟ್ರು ಸುಟ್ಟಾಗೆಲ್ಲ ನಿಮ್ಮ ಮನ್ಯಾಗ ಕೊಡ ಹೆಂಗ ತುಂಬತಿತ್ತು? ಮ್ಯಾಲಿಂದ ಉದುರತಿತ್ತೇನು?" ಅವಳು ಸಾಹೇಬರ ಕಡೆ ತಿರುಗಿದಳು. "ದನ ಒಳಗ ಹೋಗೋಕಿಂತ ಮೊದಲು, ನಸಿಕಿಲೇ ಎದ್ದು ಆ ಬಂಡೆ ಬುಡದ ನೀರು ತರ್ತೀವ್ರಿ. ಗಂಡಸರಿಗೆ ದೂರದ ಹೊಲದ ಬಾವಿ ನೀರು ಅಂತ ಹೇಳ್ತೀವಿ. ಬಿದ್ದ ಹೊಂಗಿ ಬೀಜ ಆರಿಸ್ತೀವಿ. ಕೂಸಿಗೆ ಕೆಮ್ಮಾದ್ರ ಅಲ್ಲಿನ ತೊಪ್ಪಲ ತರ್ತೀವಿ. ಕೊಡ್ಲಿ ಮಾತ್ರ ಮುಟ್ಟಿಸಿಲ್ಲ, ದೇವರಾಣಿ. ದಾರಿ ನನಗೂ ಬೇಕ್ರಿ, ಆದ್ರ ಆ ನೀರು ಕೊಟ್ಟು ಬ್ಯಾಡ. ಬರಕೊಳ್ರಿ. ಅದು ನಮ್ದು."

ಆಮೇಲೆ ಅವಳ ಹಿಂದೆ ಕುಳಿತ ಒಬ್ಬಳು ಎದ್ದಳು. "ನಾನೂ ತಂದೀನ್ರಿ." ಇನ್ನೊಬ್ಬಳು. ಮತ್ತೊಬ್ಬಳು. ಎದ್ದವರೆಲ್ಲ ತಲೆ ತಗ್ಗಿಸಿಯೇ ಎದ್ದರು.

ಸಾಹೇಬರು ಬರೆದುಕೊಂಡರು. ಗಾರ್ಡೂ ಎದ್ದು ಕರಡಿಯ ಮಾತು ಹೇಳಿದರು. ದನ ಎರಡೇ ತಿಂಗಳು ನಿಲ್ಲುತ್ತವೆ, ಅಷ್ಟರಿಂದ ಕರಡಿಗೆ ತೊಂದರೆ ಕಂಡಿಲ್ಲ ಅಂದರು. ಬಹಳ ಹೊತ್ತು ಮಾತಾಗಿ ಒಂದು ಒಪ್ಪಂದಕ್ಕೆ ಬಂತು. ಅಡವಿಯ ನಡುವಿನ ದಾರಿ ಬೇಡ, ಫ್ಯಾನಿನ ರೆಕ್ಕೆ ಗುಡ್ಡದ ಆ ಕಡೆಯಿಂದ ಏರಲಿ. ದನ ಮೊದಲಿನ ಹಾಗೆ ಎರಡು ತಿಂಗಳು. ಹೆಂಗಸರು ನೀರು ತರಬಹುದು, ಆದರೆ ಕರಡಿ ತಿರುಗುವ ನಸುಕಿನಲ್ಲಿ ಬೇಡ, ಬಿಸಿಲೇರಿದ ಮೇಲೆ. ಹೊಂಗೆ ಬೀಜ ಅಡವಿಗೇ ಬಿಡಬೇಕು. ಹೆಂಗಸರ ಕೈಗೆ ಬರುತ್ತಿದ್ದ ನಾಲ್ಕು ಕಾಸು ಅಲ್ಲಿಗೆ ಹೋಯಿತು. ಹಟ್ಟಿಗೆ ಬರಬೇಕಾಗಿದ್ದ ದಾರಿಯೂ ಹೋಯಿತು. ಅತ್ತಿಗೆ ಅದನ್ನು ಬಲ್ಲವಳಾಗಿಯೇ ಎದ್ದಿದ್ದಳು. ಕೂಡುವ ಮುಂಚೆ ಇನ್ನೊಂದು ಮಾತು ಹೇಳಿದಳು: "ಸಾಹೇಬ್ರೇ, ಹಳೇ ಬಂಡಿ ದಾರಿ ಅಡವಿ ಹೊರಗ ಐತಿ. ಟಾರು ಬ್ಯಾಡ. ಒಂದು ಜೀಪು ಬರೋ ಹಂಗ ಗರಸು ಮಣ್ಣು ಹಾಕಿಸ್ರಿ. ಅದನ್ನೂ ಬರಕೊಳ್ರಿ." ಅದನ್ನೂ ಬರೆದುಕೊಂಡರು.

ನಾನು ಸಂಜೆಯ ಬಸ್ಸಿಗೆ ಹೋಗಬೇಕಿತ್ತು, ಹೋಗಲಿಲ್ಲ. ಗುಡಿಯ ಮುಂದೆ ಹಿರಿಯರು ಸೇರಿದ್ದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು. ಯಜಮಾನರು ಹೇಳಿದ್ದು ಇಷ್ಟೇ: ಅಡವಿ ಉಳಿಸಿದ್ದು ಈ ಹೆಣ್ಣುಮಗಳು, ಅದಕ್ಕೆ ಹಟ್ಟಿ ಅವಳಿಗೆ ಋಣಿ. ಆದರೆ ಕಿಲಾರಿಯ ಮನೆಯಲ್ಲೇ ಮೀಸಲು ಮುರಿದಿದೆ. ಬೇರೆಯವರ ಮನೆಯ ತಪ್ಪು ಕಾಯಿ ಒಡೆಸಿದರೆ ತೀರುತ್ತದೆ, ಕಿಲಾರಿಯ ಮನೆಯದು ತೀರುವುದಿಲ್ಲ. ಮೂರು ಬೇಸಿಗೆ ಕೋಲು ಬೇರೆ ಕೈಯಲ್ಲಿರಲಿ.

ಅಣ್ಣ ಕೋಲನ್ನು ಗುಡಿಯ ಕಟ್ಟೆಗೆ ಒರಗಿಸಿ ಇಟ್ಟ. ಅಪ್ಪನ ಕೈಯ ಬೆವರಿಗೆ ನುಣುಪಾದ ಕೋಲು. ಜಾರಿ ಬೀಳಬಾರದೆಂದು ಒಂದು ಕಲ್ಲು ಆನಿಸಿ, ಎರಡು ಸಲ ಅಲ್ಲಾಡಿಸಿ ನೋಡಿದ. ನಮ್ಮ ದೊಡ್ಡಪ್ಪನ ಮಗ ಬಂದು ಎತ್ತಿಕೊಂಡ. ಅವನು ಅಳುತ್ತಿದ್ದ, ಅಣ್ಣ ಅಳಲಿಲ್ಲ.

ಮನೆಗೆ ಬಂದ ಮೇಲೆ ಅತ್ತಿಗೆ ರೊಟ್ಟಿ ತಟ್ಟಲು ಕುಳಿತಳು. ಅಣ್ಣ ಹೊಸ್ತಿಲಲ್ಲಿ ಕುಳಿತ. ಗಂಡ ಹೆಂಡಿರ ನಡುವೆ ನಾನು ಇರಬಾರದಾಗಿತ್ತು, ಆದರೆ ಒಂದೇ ಕೋಣೆಯ ಮನೆ, ಎಲ್ಲಿಗೆ ಹೋಗಲಿ?

"ಎಷ್ಟು ವರ್ಷದಿಂದ?" ಅಂತ ಅಣ್ಣ ಕೇಳಿದ.

"ಈ ಮನಿಗೆ ಬಂದ ವರ್ಷದಿಂದ."

"ಯಾರು ತೋರಿಸಿದ್ರು?"

ಅವಳು ರೊಟ್ಟಿ ಮಗುಚಿ ಹಾಕಿದಳು. ಹೇಳಲೋ ಬೇಡವೋ ಅಂತ ನನ್ನ ಮುಖ ನೋಡಿದಳು. "ನಿಮ್ಮವ್ವ" ಅಂದಳು.

ತೀರಿಹೋದ ನಮ್ಮವ್ವ ಕಿಲಾರಿಯ ಹೆಂಡತಿ. ಜೀವನವಿಡೀ ನಮಗೆ ಮಡಿ ಮೀಸಲು ಕಲಿಸಿದವಳು. ನಾನು ಚಿಕ್ಕವಳಿದ್ದಾಗ ಗಡಿಕಲ್ಲಿನಾಚೆ ಒಂದು ಕಾಲಿಟ್ಟೆನೆಂದು ಬೆನ್ನಿಗೆ ಗುದ್ದಿದವಳು. ಅವಳು ಕೊಡ ಹೊತ್ತು ನಸುಕಿನಲ್ಲಿ ಆ ತಗ್ಗಿಗೆ ಇಳಿಯುತ್ತಿದ್ದಳು. ನಾನು ಕುಡಿದು ಬೆಳೆದದ್ದು ಆ ನೀರು. ಸರ್ವೆಯ ಹುಡುಗಿಯ ಮುಂದೆ ಅಷ್ಟು ಹೆಮ್ಮೆಯಿಂದ ಮುಟ್ಟಂಗಿಲ್ಲ ಅಂದವಳ ಮೈಯಲ್ಲಿ ಆ ನೀರೇ ಇತ್ತು. ಅವ್ವನ ಮೇಲೆ ಸಿಟ್ಟು ಬಂತೇ ಅಂತ ನನ್ನನ್ನು ನಾನೇ ಕೇಳಿಕೊಂಡೆ. ಬರಲಿಲ್ಲ. ಒಬ್ಬಳೇ ಅದನ್ನು ಹೊತ್ತುಕೊಂಡು ದೇವರ ಮುಂದೆ ದಿನಾ ಹೇಗೆ ಕೈಮುಗಿದು ನಿಲ್ಲುತ್ತಿದ್ದಳೋ ಅನ್ನಿಸಿತು.

ಅಣ್ಣ ಒಲೆಯ ಕಡೆ ತಿರುಗಿ, "ಅವ್ವ ಏನಂತಿದ್ಳು, ನೀರು ತುಂಬುವಾಗ?" ಅಂದ.

"ಕೊಡ ಅದ್ದೋಕಿಂತ ಮೊದಲು 'ಸ್ವಾಮಿ, ನಿನ್ನ ಕೈಲೆ ಇಸಗೊಂತೀನಿ' ಅಂತಿದ್ಳು. ನನಗೂ ಹಂಗ ಅನ್ನಾಕ ಹೇಳಿದ್ಳು. ಇಸಗೊಂತೀನಿ ಅನ್ಲಾರದ ಒಂದು ಹನಿ ತಂದಿಲ್ಲ."

ಅಣ್ಣ ತಟ್ಟೆ ಎಳೆದುಕೊಂಡು ರೊಟ್ಟಿ ಮುರಿದ. ಅವನು ಉಂಡದ್ದು ಆ ದಿನದ ದೊಡ್ಡ ದಯೆ ಅಂತ ನಾನು ಲೆಕ್ಕ ಹಿಡಿದೆ.

ಮರುದಿನ ಊರಿಗೆ ಬಂದೆ. ಮನೆಯಲ್ಲಿ ಎರಡು ದಿನದ ಮುಸುರೆ ಕಾದಿತ್ತು, ಇರಲಿ. ನನ್ನ ಮಾತಿನಿಂದ ಆದದ್ದಕ್ಕೆ ಅಣ್ಣನ ಕೋಲು ಹೋಯಿತಲ್ಲ ಎಂಬುದು ದೀಪ ಹಚ್ಚುವಾಗ, ನೀರು ಸೇದುವಾಗ ನೆನಪಾಗುತ್ತಿತ್ತು. ದೇವರಿಗೆ ಕೇಳಿದೆ. ದೇವರು ಏನೂ ಹೇಳಲಿಲ್ಲ, ಸುಳ್ಳು ಯಾಕೆ ಬರೆಯಲಿ. ಅತ್ತೆ ಮಾತ್ರ ಒಂದು ದಿನ, "ದನ ಉಳಿದ್ವೋ ಇಲ್ಲೋ? ದೇವರು ಕೇಳೋದು ದನ ಎಲ್ಲಿ ಅಂತ, ಕೋಲು ಯಾರ ಕೈಯ್ಯಾಗೈತಿ ಅಂತಲ್ಲ" ಅಂದರು. ಅವರ ಮಾತು ಸರಿಯೋ ಏನೋ. ನನಗೆ ಅಷ್ಟು ಧೈರ್ಯವಿಲ್ಲ.

ಯುಗಾದಿ ಕಳೆದು ಎಂಟು ದಿನಕ್ಕೆ ಅಣ್ಣನ ಫೋನು ಬಂತು.

"ದನ ಒಳಗ ಹೋದ್ವು ತಂಗಿ. ಕೆಂಪುಗಲ್ಲು ಕಿತ್ತು ಒಯ್ದಾರ. ಮಳಿ ಬಂದ್ರ ಸುಣ್ಣನೂ ಹೊಕ್ಕೈತಿ."

"ನೀನೆಲ್ಲಿದ್ದೆ?"

"ಗಡಿಕಲ್ಲಿನ ಹತ್ರ ನಿಂತಿದ್ನಿ. ಬಿಳಿ ಆಕಳು ಎರಡು ಸಲ ತಿರುಗಿ ನೋಡ್ತು. ನಾನು ಬಂಡೆ ಹಿಂದ ಸರದ್ನಿ. ಆಮ್ಯಾಗ ಹೋತು."

ಅವನೇ ಮುಂದುವರಿಸಿದ. "ಗರಸಿನ ದಾರಿ ಮಂಜೂರಾಗಾಕ ಇನ್ನ ಎಷ್ಟು ದಿನ ಬೇಕೋ. ದಿನಾ ಗುದ್ದಲಿ ತಗೊಂಡು ಬಂಡಿ ದಾರಿಗೆ ಹೊಂಟೀನಿ. ಕೊಚ್ಚಿ ಹೋದಲ್ಲಿ ಒಂದು ಕಡೆ ಕಲ್ಲು ತುಂಬೀನಿ. ಇನ್ನೊಂದು ಉಳದೈತಿ. ಓಣ್ಯಾಗಿನ ಹುಡುಗಿಗೆ ಎಂಟು ತಿಂಗಳು ತುಂಬೈತಂತ, ಅಷ್ಟ್ರಾಗ ಮುಗಿಸಬೇಕು ಅಂತ ನಿಮ್ಮತ್ತಿಗಿ ಜೀವ ತಿನ್ನಾಕ ಹತ್ಯಾಳ."

ಹಿಂದಿನಿಂದ ಅತ್ತಿಗೆಯ ದನಿ ಕೇಳಿತು: "ಮಾತು ಸಾಕು ಮಾಡ್ರಿ, ಬಿಸಿಲೇರತೈತಿ!"

"ನೋಡು" ಅಂದ ಅಣ್ಣ. ಅವನ ದನಿಯಲ್ಲಿ ನಗುವಿನಂಥದ್ದು ಏನೋ ಇತ್ತು, ಪೂರ್ತಿ ನಗುವಲ್ಲ. ಫೋನು ಇಟ್ಟ.

ಆಮೇಲೆ ಹಿತ್ತಲಿಗೆ ಹೋದೆ. ಬೆಳಗ್ಗೆ ನೆನೆಹಾಕಿದ್ದ ಬಟ್ಟೆ ಹಾಗೇ ಇತ್ತು. ಮೊದಲು ಗಿರಣಿಯ ಪಂಚೆ ತೆಗೆದು, ಹಿಟ್ಟು ಬಿಡುವ ತನಕ ಕಲ್ಲಿನ ಮೇಲೆ ಕುಕ್ಕಿದೆ.